ಹುಣ್ಣಿನ ಮೇಲೆ ಪ್ಲಾಸ್ಟರ್ ಏಕೆ?

ಹಾಸನದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಪಾದವೈದ್ಯರನ್ನು ಗೌರವಿಸುವ ಪುಟದಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರನ್ನು ಸೇರಿಸಿದ್ದೀರಿ. ಅವರು ಮೂಳೆ ಶಸ್ತ್ರಚಿಕಿತ್ಸಕರಲ್ಲವೇ? ಅಂಗಾಲಿನ ಹುಣ್ಣಿಗೆ, ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಹಾಕುತ್ತಿದ್ದರೆಂದು ಒಂದೇ ಸಾಲು ಬರೆದು ಮುಗಿಸಿದ್ದೀರಿ. ಸಕ್ಕರೆ ಕಾಯಿಲೆ ಇರುವ ನಮ್ಮ ತಂದೆಗೂ ವೈದ್ಯರು ಅದನ್ನೇ ಹೇಳಿದ್ದಾರೆ. ಗಾಳಿಯಾಡದೆ ಹುಣ್ಣು ಕೊಳೆಯುವುದಿಲ್ಲವೇ?”

ಸಂಪಾದಕರ ಉತ್ತರ:

ಹೌದು, ಅವರು ಪೋಡಿಯಾಟ್ರಿಸ್ಟ್ (ಪಾದವೈದ್ಯರು) ಅಲ್ಲ. ಆದರೂ ಇಂದು ಸ್ಪರ್ಶ ಕಳೆದುಕೊಂಡ ಪಾದಕ್ಕೆ ಚಿಕಿತ್ಸೆ ಕೊಡುವ ಯಾವ ಪೋಡಿಯಾಟ್ರಿಸ್ಟ್ ಆದರೂ ಅವರ ಕೆಲಸದ ಮೇಲೇ ನಿಂತಿದ್ದಾರೆ. ಆ ಪುಟದಲ್ಲಿ ಅವರಿಗೆ ಜಾಗ ಸಲ್ಲಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಒಂದೇ ಸಾಲು ಕೊಟ್ಟದ್ದು ಮಾತ್ರ ನಮ್ಮ ತಪ್ಪು.

ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಲಂಡನ್ನಿನಲ್ಲಿ ಓದಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು, ಪಾದಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ಎಲ್ಲರೂ ನಂಬಿದ್ದರು. ಅವರು ಕಂಡುಕೊಂಡದ್ದು ಬೇರೆ: ರೋಗ ನರವನ್ನು ಕೊಲ್ಲುತ್ತದೆ, ನೋವು ಹೋಗುತ್ತದೆ, ನೋವಿಲ್ಲದವನು ಗಾಯದ ಮೇಲೇ ನಡೆಯುತ್ತಾನೆ. ನಮಗೆ ಒಂದೇ ಕಡೆ ಒತ್ತಿದರೆ ಅರಿವಿಲ್ಲದೆಯೇ ಹೆಜ್ಜೆ ಬದಲಿಸುತ್ತೇವೆ, ಕುಂಟುತ್ತೇವೆ. ಆ ಕುಂಟುವಿಕೆಯೇ ರಕ್ಷಣೆ. 1966ರಲ್ಲಿ ಅಮೆರಿಕದ ಲೂಸಿಯಾನದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಇಲಿಗಳ ಅಂಗಾಲಿನ ಮೇಲೆ ಯಂತ್ರದಿಂದ ಸಾಧಾರಣ ಒತ್ತಡವನ್ನೇ ಸಾವಿರಾರು ಸಲ ಹಾಕಿ ನೋಡಿದರು. ಮೊದಲು ಬಿಸಿ, ಊತ. ಕೆಲವು ದಿನಗಳಲ್ಲಿ ಚರ್ಮ ಒಡೆಯಿತು. ಮುಳ್ಳು ಚುಚ್ಚಬೇಕಿಲ್ಲ, ದಿನನಿತ್ಯದ ನಡಿಗೆಯೇ ಸಾಕು.

ಸಕ್ಕರೆ ಕಾಯಿಲೆಯವರ ಪಾದದಲ್ಲೂ ಆಗುವುದು ಇದೇ. ಹೀಗಾಗಿ ಕುಷ್ಠರೋಗದ ಆಸ್ಪತ್ರೆಯಲ್ಲಿ ಬೆಳೆದ ವಿದ್ಯೆ ಸಕ್ಕರೆ ಕಾಯಿಲೆಯ ವಾರ್ಡಿಗೆ ಬಂತು.

ಈಗ ಪ್ಲಾಸ್ಟರ್ ವಿಷಯ. ಇದನ್ನು ಮೊದಲು ಬಳಸಿದವರು ಬ್ರ್ಯಾಂಡ್ ಅಲ್ಲ. ಭಾರತ ಮತ್ತು ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಅವರಿಗಿಂತ ಮುಂಚೆಯೇ ಇತ್ತು. ಅದನ್ನು ಅಮೆರಿಕಕ್ಕೆ ಒಯ್ದು ನೆಲೆಗೊಳಿಸಿದವರು ಅವರು. ಹುಣ್ಣಿಗೆ ಬೇಕಾದದ್ದು ಗಾಳಿಯಲ್ಲ, ಭಾರದಿಂದ ಬಿಡುಗಡೆ. ಪ್ಲಾಸ್ಟರ್ ಅಂಗಾಲಿಗೂ ಮೀನಖಂಡಕ್ಕೂ ಸಂದಿಲ್ಲದಂತೆ ಅಂಟಿ ಕೂರುವುದರಿಂದ, ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲಿದ್ದ ಭಾರ ಇಡೀ ಪಾದಕ್ಕೆ, ಕಾಲಿಗೆ ಹಂಚಿಹೋಗುತ್ತದೆ. ಇನ್ನೊಂದು ಲಾಭ: ರೋಗಿ ಅದನ್ನು ಬಿಚ್ಚಿಡಲಾರ. ಬಿಚ್ಚಬಹುದಾದ ಬೂಟು ಕೊಟ್ಟರೆ ರಾತ್ರಿ ಬಚ್ಚಲಿಗೆ ಹೋಗುವಾಗ ಬರಿಗಾಲು, ಅಷ್ಟರಲ್ಲೇ ವಾರದ ಗುಣ ಹಾಳು.

ಹಾಕುವ ಮೊದಲು ಹುಣ್ಣಿನ ಸುತ್ತಲಿನ ಗಟ್ಟಿ ಚರ್ಮವನ್ನು ಕೆತ್ತಿ ತೆಗೆಯಬೇಕು. ಅದು ಉಳಿದರೆ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಲೇ ಇರುತ್ತದೆ. ಬೆರಳ ಸಂದಿಗೆ ಹತ್ತಿ, ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದ ಮೂಳೆ ಮತ್ತು ಕಣಕಾಲಿನ ಗಂಟುಗಳ ಮೇಲೆ ತೆಳು ಫೆಲ್ಟ್ (ಒತ್ತಿ ಮಾಡಿದ ಮೆತ್ತನೆ ಬಟ್ಟೆ). ಪಾದ ಕಾಲಿಗೆ 90 ಡಿಗ್ರಿಯಲ್ಲಿರಬೇಕು. ಮೊದಲ ಪದರವನ್ನು ಅಂಗೈಯಿಂದ ತೀಡಿ ತೀಡಿ ಕೂರಿಸುತ್ತಾರೆ. ಬೆರಳಿನಿಂದ ಒತ್ತಿದರೆ ಒಳಗೆ ಗುಳಿ ಬಿದ್ದು ಅಲ್ಲೇ ಹೊಸ ಹುಣ್ಣು. ದಪ್ಪ ಹತ್ತಿ ಸುತ್ತುವುದೂ ತಪ್ಪೇ, ಅದು ನಡೆಯುತ್ತಾ ಅಮುಕಿಹೋಗಿ ಪಾದ ಒಳಗೆ ಜಾರುತ್ತದೆ.

ಹೆಚ್ಚಾಗಿ ತಪ್ಪಾಗುವುದು ಮೊದಲ ವಾರದಲ್ಲಿ. ಊತ ಇಳಿದು ಪ್ಲಾಸ್ಟರ್ ಸಡಿಲವಾಗುತ್ತದೆ, ಉಜ್ಜುತ್ತದೆ. ಆದ್ದರಿಂದ ಮೊದಲನೆಯದನ್ನು ಕೆಲವೇ ದಿನಗಳಲ್ಲಿ, ತಡವೆಂದರೆ ವಾರದೊಳಗೆ, ಬದಲಿಸಲೇಬೇಕು. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಆಳವಿಲ್ಲದ ಹುಣ್ಣು ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಮುಚ್ಚುತ್ತದೆ.

ನಿಮ್ಮ ಭಯ ಅರ್ಥವಿಲ್ಲದ್ದೇನಲ್ಲ. ಕೀವು, ಮೂಳೆಯ ಸೋಂಕು, ಕಾಲಿನ ರಕ್ತನಾಳ ಕಟ್ಟಿರುವುದು, ಇವುಗಳಲ್ಲಿ ಯಾವುದಿದ್ದರೂ ಈ ಪ್ಲಾಸ್ಟರ್ ಹಾಕಬಾರದು. ತಂದೆಯವರ ಪಾದದ ನಾಡಿ ನೋಡಿದ್ದಾರೆಯೇ, ರಕ್ತಪರಿಚಲನೆಯ ಪರೀಕ್ಷೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಪ್ಲಾಸ್ಟರ್ ಹಾಕಿದ ಮೇಲೆ ಜ್ವರ, ದುರ್ವಾಸನೆ, ಹೊರಗೆ ಕಾಣುವ ಕಲೆ, ಕಾರಣವಿಲ್ಲದೆ ಏರಿದ ಸಕ್ಕರೆ, ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ಮರುದಿನಕ್ಕೆ ಕಾಯಬೇಡಿ, ಅಂದೇ ಬಿಚ್ಚಿಸಿ. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಅವರಿಗೆ ನೋವು ತಿಳಿಯುವುದೇ ಇಲ್ಲ.

ಹುಣ್ಣು ಮಾಗಿದ ಮೇಲೆ ಹಳೇ ಚಪ್ಪಲಿಗೆ ಮರಳಿದರೆ ಅದೇ ಜಾಗ ಮತ್ತೆ ಒಡೆಯುತ್ತದೆ. ಇದಕ್ಕಾಗಿಯೇ ವೆಲ್ಲೂರು ಮತ್ತು ಅದರ ಬಳಿಯ ಕುಷ್ಠರೋಗ ಕೇಂದ್ರವಾದ ಕರಿಗಿರಿಯಲ್ಲಿ ಮೈಕ್ರೋಸೆಲ್ಯುಲರ್ (ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ) ರಬ್ಬರಿನ ಚಪ್ಪಲಿ ಬಳಕೆಗೆ ಬಂತು. ಒಳಗೆ ಮೆತ್ತನೆಯ ರಬ್ಬರು, ಕೆಳಗೆ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಮೊಳೆ ಒಂದೂ ಇರಕೂಡದು, ಅಂಟು ಮತ್ತು ಹೊಲಿಗೆ ಮಾತ್ರ. ಊರಿನ ಚಮ್ಮಾರರಿಂದ ರಿಪೇರಿ ಮಾಡಿಸುವಾಗಲೂ ಇದನ್ನು ಬಾಯಿಬಿಟ್ಟು ಹೇಳಿ. ದಿನವೂ ಸಂಜೆ ಎರಡೂ ಅಂಗಾಲನ್ನು ಕೈಯಿಂದ ಮುಟ್ಟಿ ನೋಡಿ, ತಂದೆಯವರ ಕೈಯಿಂದಲ್ಲ, ನಿಮ್ಮ ಕೈಯಿಂದ. ಅವರ ಬೆರಳಿಗೂ ಸ್ಪರ್ಶ ಕಡಿಮೆಯಿರಬಹುದು. ಒಂದು ಪಾದದ ಒಂದು ಜಾಗ ಇನ್ನೊಂದರ ಅದೇ ಜಾಗಕ್ಕಿಂತ ಬಿಸಿಯೆನಿಸಿದರೆ, ಥರ್ಮಾಮೀಟರಿನಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಲ್ಲಿ ಚರ್ಮ ಒಡೆಯುವ ಮುಂಚೆಯೇ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.