ಏಣಿ ಹೊತ್ತು ಹತ್ತುವ ಗುಡ್ಡ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಚಾರಣಿಗರ, ಪರಿಸರಪ್ರಿಯರ ಸಂಘವಾದ ಸಿಯೆರಾ ಕ್ಲಬ್ಬಿನ ಮರುಭೂಮಿ ಶಿಖರಗಳ ಪಟ್ಟಿಯ ಬಗ್ಗೆ ಓದಿದೆ. 14,000 ಅಡಿ ದಾಟಿದ ವೈಟ್ ಮೌಂಟನ್ ಜೊತೆ, ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗವೂ ಇಲ್ಲದ ಗುಡ್ಡ ಆ ಪಟ್ಟಿಯಲ್ಲಿದೆ. ಇವನ್ನೆಲ್ಲ ಯಾರು, ಯಾವ ಲೆಕ್ಕದಲ್ಲಿ ಆರಿಸುತ್ತಾರೆ? – ಚಿಕ್ಕಮಗಳೂರಿನ ಓದುಗರು

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಚಿತ್ರದ ಕೆಳಗೆ ‘ಮರುಭೂಮಿಯ ಅತಿ ಎತ್ತರದ ನೂರು ಶಿಖರಗಳು’ ಎಂದು ಹಾಕಿದ್ದೆವು. ಅವು ಅತಿ ಎತ್ತರದವೂ ಅಲ್ಲ, ಲೆಕ್ಕ ಹಾಕಿದರೆ ನೂರೂ ಆಗುವುದಿಲ್ಲ. ನಿಮಗೆ ಗೊಂದಲವಾಗಿದ್ದು ಅದರಿಂದಲೇ.

ಈ ಪಟ್ಟಿ ಲಾಸ್ ಏಂಜಲೀಸ್ ಕಡೆಯ ಡೆಸರ್ಟ್ ಪೀಕ್ಸ್ ಸೆಕ್ಷನ್ ಎಂಬ ಬಳಗದ್ದು. ಶುರುವಾಗಿದ್ದು 1941ರಲ್ಲಿ. ಅದೇ ಕ್ಲಬ್ಬಿನ ಇನ್ನೊಂದು ಬಳಗ, ಹಂಡ್ರೆಡ್ ಪೀಕ್ಸ್, 5,000 ಅಡಿಗಿಂತ ಕಡಿಮೆಯವು ಬೇಡ ಎಂಬ ಗೆರೆ ಹಾಕಿಕೊಂಡಿದೆ. ಮರುಭೂಮಿಯವರಿಗೆ ಅಂಥ ಗೆರೆ ಇಲ್ಲ. ಸದಸ್ಯರು ವೋಟು ಹಾಕುತ್ತಾರೆ, ಅಷ್ಟೇ. ಸೇರಿಸಲಿಕ್ಕೂ ವೋಟು, ತೆಗೆಯಲಿಕ್ಕೂ ವೋಟು. ಬೇಕು–ಬೇಡದ ವಾದ ಮೊದಲೇ ಅವರ ‘ಡೆಸರ್ಟ್ ಸೇಜ್’ ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

ನೀವು ಹೇಳಿದ ಗುಡ್ಡ ಲಿಟ್ಲ್ ಪಿಕಾಚೊ. ಕ್ಯಾಲಿಫೋರ್ನಿಯಾದ ಮೂಲೆಯಲ್ಲಿ, ಕೊಲರಾಡೊ ನದಿಯ ಹತ್ತಿರ ಇದೆ. 2,000 ಅಡಿಯೂ ಇಲ್ಲ. ಆದರೆ ಹತ್ತಲು ಹೊರಟವರ ಸಾಮಾನು ನೋಡಬೇಕು! ಹಗ್ಗ, ಹೆಲ್ಮೆಟ್ಟು, ಜೊತೆಗೆ ಗೋಡೆಗೆ ಬಣ್ಣ ಹೊಡೆಯುವವರು ತರುವಂಥ ಅಲ್ಯೂಮಿನಿಯಂ ಏಣಿ. ನಡುವೆ ಬಂಡೆಗೋಡೆಯೊಂದು ಅಡ್ಡ ನಿಲ್ಲುತ್ತದೆ, ಏಣಿ ಅದಕ್ಕೆ. ಇನ್ನೊಂದು ಕಡೆ ಬಂಡೆ ಸೀಳಿದೆ, ಆಚೆಗೆ ಹೆಜ್ಜೆ ದಾಟಿಸಬೇಕು. ಇಳಿಯುವಾಗ ಹಗ್ಗಕ್ಕೆ ಜೋತು ಬೀಳಬೇಕು. ಇಷ್ಟೆಲ್ಲ ಪಾಡು ಪಟ್ಟವರು ಅಡಿ ಲೆಕ್ಕ ಹಿಡಿದು ಅದನ್ನು ಬಿಡುತ್ತಾರೆಯೇ?

ನೋಟವೂ ವೋಟು ತರುತ್ತದೆ. ಟೆಲಿಸ್ಕೋಪ್ ಪೀಕ್ 11,049 ಅಡಿ. ಅದರ ಬುಡದ ಡೆತ್ ವ್ಯಾಲಿಯಲ್ಲಿರುವ ಬ್ಯಾಡ್‌ವಾಟರ್ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ತುದಿಯಲ್ಲಿ ನಿಂತರೆ ಅಷ್ಟು ಆಳ ಕಣ್ಣಿಗೆ ಬೀಳುತ್ತದೆ. ಇನ್ನು ಕೆಲವು ಕಡೆ ದಾರಿಯೇ ಕೈಕೊಡುತ್ತದೆ. ಆರ್ಗಸ್ ಪೀಕ್ ಇರುವುದು ಚೈನಾ ಲೇಕ್ ಎಂಬ ನೌಕಾಪಡೆಯ ಶಸ್ತ್ರಪರೀಕ್ಷೆಯ ಜಾಗದೊಳಗೆ. ಅಲ್ಲಿಗೆ ಸುಮ್ನೆ ಚೀಲ ಹೊತ್ತು ನುಗ್ಗಲಾಗದು.

ನನಗೆ ಇರಿಸುಮುರಿಸಾಗುವುದು ಇದೇ ಪಟ್ಟಿಯಲ್ಲಿರುವ ಅರಿಜೋನಾದ ಬಾಬೊಕಿವಾರಿ ಶಿಖರದ ವಿಷಯದಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರಿಗೆ ಅದು ಸೃಷ್ಟಿಕರ್ತ ಈಟೊಯ್‌ನ ಮನೆ. ನಮ್ಮಲ್ಲೂ ದೇವರಿಲ್ಲದ ಬೆಟ್ಟ ಸಿಗುವುದು ಕಷ್ಟ, ಅಲ್ವಾ? ಹತ್ತಿ ಕೈಮುಗಿದು ಬರುತ್ತೇವೆ. ಆದರೆ ಇನ್ನೊಬ್ಬರ ದೇವರ ಮನೆಗೆ ಹಗ್ಗ ಹಾಕಿ ಹತ್ತಿ, ಪಟ್ಟಿಯಲ್ಲಿ ಟಿಕ್ ಹಾಕಿಕೊಳ್ಳಬಹುದೇ ಎಂಬುದು ಕ್ಲಬ್ಬಿನ ವೋಟಿಗೆ ಬಿಡುವ ಮಾತಲ್ಲ ಎಂದೇ ನನಗನ್ನಿಸುತ್ತದೆ.

ವೋಟಿನ ಬಗ್ಗೆ ಇನ್ನೊಂದು ಅನುಮಾನವೂ ಇದೆ, ಇದು ಪೂರಾ ನನ್ನದೇ. ಪಟ್ಟಿ ಮುಗಿಸಲು ಒಂದೆರಡೇ ಬಾಕಿ ಇರುವವರು ಹೊಸ ಶಿಖರಕ್ಕೆ ಖುಷಿಯಿಂದ ಕೈ ಎತ್ತುತ್ತಾರಾ? ಅದರಲ್ಲೂ ಗಡಿ ದಾಟಿ ಮೆಕ್ಸಿಕೋಗೆ ಹೋಗಿ, 10,154 ಅಡಿಯ ಪಿಕಾಚೊ ಡೆಲ್ ಡಿಯಾಬ್ಲೊ ಹತ್ತಿಳಿದು, ಇನ್ನೇನು ಮುಗೀತು ಅಂತ ಬೂಟು ಬಿಚ್ಚಿದವರು!