ಶಬ್ದ ಕೇಳುತ್ತೆ, ಮಾತು ತಿಳಿಯಲ್ಲ ಅಂದರೆ ಕಿವಿಯೊಳಗೆ ಏನಾಗಿರುತ್ತೆ?

ತಂದೆಗೆ ಬಾಗಿಲು ಬಡಿದದ್ದು ಕೇಳುತ್ತೆ, ಆದರೆ ಮಾತು ತಿಳಿಯಲ್ಲ, ಜೋರಾಗಿ ಹೇಳಿದರೆ ಸಿಟ್ಟಾಗುತ್ತಾರೆ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ನಮ್ಮಪ್ಪ ಕಣ್ಮುಂದೆ ಬಂದರು. ಬೆಟಗೇರಿಯಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದವರು. "ಕೇಳಸ್ತೈತಿ, ಆದ್ರ ಏನಂದ್ರಿ ಅಂತ ತಿಳಿಯಂಗಿಲ್ಲ" ಅನ್ನುತ್ತಿದ್ದರು. ಅವರಿಗೆ ಲಕ್ಷ್ಯ ಇಲ್ಲ ಅಂದುಕೊಂಡಿದ್ದೆವು. ಅದು ನಮ್ಮ ತಪ್ಪು.

ಕಿವಿಯ ತೂತು ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿ ತಮಟೆಯಲ್ಲಿ ಮುಗಿಯುತ್ತೆ. ತಮಟೆಯ ಹಿಂದೆ ಮೂರು ಎಲುಬು: ಸುತ್ತಿಗೆ, ಅಡಿಗಲ್ಲು, ರಿಕಾಪು (ಕುದುರೆ ಸವಾರ ಕಾಲಿಡೋದು), ಆಕಾರ ನೋಡಿ ಇಟ್ಟ ಹೆಸರು. ರಿಕಾಪು ಮೈಯಲ್ಲೇ ಅತಿ ಸಣ್ಣ ಎಲುಬು, 3 ಮಿಲಿಮೀಟರ್ ಅಷ್ಟೇ, ಜೋಳದ ಕಾಳಿಗಿಂತ ಚಿಕ್ಕದು. ಇವು ಯಾಕೆ ಬೇಕು? ಒಳಗಿವಿಯಲ್ಲಿ ನೀರಿನಂಥ ದ್ರವ ಇದೆ. ಬಾವಿಯಲ್ಲಿ ಮುಳುಗಿದಾಗ ದಂಡೆಯ ಮೇಲಿನವರು ಕೂಗಿದ್ದು ಸರಿಯಾಗಿ ಕೇಳಲ್ಲ, ಅಲ್ವಾ? ಗಾಳಿಯ ಸದ್ದು ನೀರಿಗೆ ತಾಗಿ ಹೆಚ್ಚಿನದು ಹಿಂದಕ್ಕೆ ಹೋಗುತ್ತೆ. ಅದಕ್ಕೇ ತಮಟೆ ಮತ್ತು ಎಲುಬುಗಳು ಸದ್ದಿನ ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸಿ ಒಳಗೆ ತಳ್ಳುತ್ತವೆ.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇದರ ಆಚೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತಿನ ಒಂದು ಕೊಳವೆ ಇದೆ, ಕಾಕ್ಲಿಯಾ ಅಂತಾರೆ. ಬಿಚ್ಚಿ ಹಾಸಿದರೆ ಮೂರೂವರೆ ಸೆಂಟಿಮೀಟರ್ ಆದೀತು. ಭಜನೆಯ ಪೇಟಿಯ (ಹಾರ್ಮೋನಿಯಂನ) ಮನೆಗಳನ್ನೇ ಸುರುಳಿ ಸುತ್ತಿ ಇಟ್ಟಂತೆ: ಒಂದೊಂದು ಜಾಗಕ್ಕೆ ಒಂದೊಂದು ದನಿ. ಕೊಳವೆಯ ಬಾಗಿಲ ಹತ್ತಿರ ಸಣ್ಣ ದನಿ, ಅಂದರೆ ಕೀಚಲು ದನಿ, ಸುರುಳಿಯ ತುದಿಯಲ್ಲಿ ದಪ್ಪ ದನಿ. ಉದ್ದಕ್ಕೂ ತಲೆಯ ಮೇಲೆ ಕೂದಲಿನಂಥ ಎಳೆ ಇರುವ ಸುಮಾರು 15,000 ಜೀವಕೋಶಗಳು. ಇವು ಅಲುಗಿದರೆ ಮಿದುಳಿಗೆ ಸುದ್ದಿ ಹೋಗುತ್ತೆ. ಸತ್ತರೆ ಮತ್ತೆ ಹುಟ್ಟಲ್ಲ. ಕೋಳಿಗೆ ಹುಟ್ಟುತ್ತವೆ, ನಮಗಿಲ್ಲ.

ವಯಸ್ಸಾದಾಗಲೂ, ಗದ್ದಲದಲ್ಲಿ ದುಡಿದಾಗಲೂ ಮೊದಲು ಹೋಗೋದು ಸಣ್ಣ ದನಿಯ ಕಡೆಯವು. 85 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಗದ್ದಲವನ್ನು ದಿನಕ್ಕೆ 8 ತಾಸು ತಾಳಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ. ಲಾಳಿ ಬಡಿಯುವ ಲೂಮ್ ಶೆಡ್ಡಿನಲ್ಲಿ ಸಾಮಾನ್ಯವಾಗಿ 90 ದಾಟಿರುತ್ತೆ.

ಅಪ್ಪನ ಕಿವಿ ಪರೀಕ್ಷೆ ಮಾಡಿಸಿದಾಗ ನಾನು ಗಾಜಿನ ಈಚೆ ನಿಂತು ನೋಡುತ್ತಿದ್ದೆ. ಸದ್ದು ಕೇಳಿದಾಗ ಒತ್ತಲು ಕೈಗೆ ಒಂದು ಬಟನ್ ಕೊಟ್ಟಿದ್ದರು. ದಪ್ಪ ದನಿಗೆ ತಕ್ಷಣ ಒತ್ತುತ್ತಿದ್ದರು. 4000 ಹರ್ಟ್ಸ್‌ನ ಸಣ್ಣ ದನಿಗೆ ಬಂದಾಗ ಹೆಬ್ಬೆರಳು ಬಟನ್ ಮೇಲೆ ಹಾಗೇ ನಿಂತುಬಿಟ್ಟಿತು.

ಈಗ ಮಾತಿಗೆ ಬನ್ನಿ. ಆ, ಓ, ಊ ಇವೆಲ್ಲ ದಪ್ಪ ದನಿ, ಮಾತಿನ ಜೋರು ಇರೋದು ಇವುಗಳಲ್ಲೇ. ಸ, ಶ, ಚ ಮೆಲ್ಲಗಿನ ಸಣ್ಣ ದನಿ. ಅವ್ವ "ಸಾರು ಸಾಕೇನ್ರಿ?" ಅಂದರೆ ಅಪ್ಪನಿಗೆ ಮುಟ್ಟುತ್ತಿದ್ದದ್ದು "ಆರು ಆಕೇನ್ರಿ". ಕೂಗಿದರೆ ಆ, ಊ ಇನ್ನೂ ದೊಡ್ಡದಾಗುತ್ತವೆ, ಸ ಬರೋದೇ ಇಲ್ಲ. ಸಿಟ್ಟಿಗೂ ಕಾರಣ ಇದೆ. ಸತ್ತ ಕೋಶಗಳಲ್ಲಿ ಬಹಳಷ್ಟು ಮೆಲು ಸದ್ದನ್ನು ಹಿಗ್ಗಿಸುವಂಥವು. ಅವು ಇಲ್ಲದಿದ್ದಾಗ ಮೆಲ್ಲಗಿನದು ಕೇಳಲ್ಲ, ಜೋರಾಗಿದ್ದು ಒಮ್ಮೆಲೇ ಚುಚ್ಚುತ್ತೆ. "ಯಾಕ ಒದರ್ತಿ?" ಅಂತ ಅವರು ಬೈದರೆ ನಿಜವಾಗಿಯೂ ನೋವಾಗಿಯೇ ಬೈದಿರುತ್ತಾರೆ.

ಒಂದು ಮಾತು. ಇದು ಬರೀ ಗುಗ್ಗೆ ಕಟ್ಟಿಕೊಂಡದ್ದೂ ಇರಬಹುದು. ಹಾಗಿದ್ದರೆ ಜೋರಾಗಿ ಹೇಳಿದಾಗ ಚೆನ್ನಾಗಿ ತಿಳಿಯುತ್ತೆ. ಏನೇ ಇರಲಿ, ಕಡ್ಡಿ, ಪಿನ್ನು ಹಾಕಬೇಡಿ. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಕಿಮ್ಸ್ ಅಂತ ಕರೆಯೋದು) ಆಗಲಿ, ಹತ್ತಿರದ ಕಿವಿ-ಮೂಗು-ಗಂಟಲು ಡಾಕ್ಟರ್ ಆಗಲಿ, ತೋರಿಸಿ. ಕಿವಿಯ ಮಷೀನ್ ಕೊಂಡರೆ ಪರೀಕ್ಷೆಯ ಗ್ರಾಫ್ ನೋಡಿ ಹೊಂದಿಸಿದ್ದನ್ನೇ ಕೊಳ್ಳಿ. ಸುಮ್ನೆ ಎಲ್ಲ ಸದ್ದನ್ನೂ ಜಾಸ್ತಿ ಮಾಡುವ ಅಗ್ಗದ್ದು ಬೇಡ.

ಮಷೀನ್ ಬರುವವರೆಗೆ ಎದುರಿಗೆ ಬಂದು, ಬೆಳಕಲ್ಲಿ ನಿಂತು, ನಿಧಾನ ಮಾತಾಡಿ. ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳಬೇಡಿ, ಪದ ಬದಲಿಸಿ. ನಮ್ಮವ್ವ ಈಗ ಸಾರಿನ ಪಾತ್ರೆ ತೋರಿಸಿ "ಇನ್ನೂ ಬೇಕೇನ್ರಿ?" ಅಂತ ಕೇಳುತ್ತಾಳೆ.