ಚಂದಯ್ಯನ ಹುಲ್ಲು ಹುಲ್ಲೇ ಆಗಿರಲಿ

ಹುಮನಾಬಾದಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಶ್ರಾವಣದ ಪ್ರವಚನದಲ್ಲಿ ಹಗ್ಗ ಹೊಸೆಯುವ ಶರಣ ನುಲಿಯ ಚಂದಯ್ಯನ ಕಥೆ ಬಂತು. ಕೆರೆಯೆಂದರೆ ಸಂಸಾರ, ಹುಲ್ಲೆಂದರೆ ವಾಸನೆ (ಮನಸ್ಸಿಗಂಟಿದ ಹಳೆಯ ಸಂಸ್ಕಾರ), ಹಗ್ಗವೆಂದರೆ ಪ್ರಾಣ. ಹೊರಗೆ ಏನೂ ನಡೆದಿಲ್ಲ, ಎಲ್ಲಾ ಒಳಗಿನದೇ ಎಂದರು ಪ್ರವಚನಕಾರರು. ಕೇಳುವಾಗ ಹಿತವೆನಿಸಿತು. ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ. ಹೀಗೆ ಓದಬಹುದೇ?’

ಗುರುಗಳೇ, ಶರಣು.

ಓದಬಹುದು. ಕಠೋಪನಿಷತ್ತು ದೇಹವೇ ರಥ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು, ಇಂದ್ರಿಯಗಳೇ ಕುದುರೆಗಳು ಎಂದು ತಾನೇ ಬಿಡಿಸಿ ಹೇಳುತ್ತದೆ. ಬಸವಣ್ಣನವರು ಕಾಲನ್ನೇ ಕಂಬ ಮಾಡಿದರು, ದೇಹವನ್ನೇ ದೇಗುಲ ಮಾಡಿದರು. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳಿಗಂತೂ ಒಳ ಅರ್ಥ ಹಿಡಿಯದೆ ಬೇರೆ ದಾರಿಯೇ ಇಲ್ಲ. ಗಾಂಧೀಜಿಯವರಿಗೆ ಕುರುಕ್ಷೇತ್ರ ಕಂಡದ್ದು ಮನುಷ್ಯನ ಎದೆಯೊಳಗೆ.

ಆದರೆ ಚಂದಯ್ಯನ ಕಥೆಯನ್ನು ಒಮ್ಮೆ ನಿಧಾನವಾಗಿ ನೋಡಿ. ಕಲ್ಯಾಣದಲ್ಲಿ ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ಮಾಡುತ್ತಿದ್ದ ಶರಣ ಆತ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಅದನ್ನು ಹುಡುಕುತ್ತಾ ಕೂಡಲಿಲ್ಲ, ಹೊರೆ ಹೊತ್ತು ನಡೆದ. ಲಿಂಗವೇ ಬೆನ್ನು ಹತ್ತಿ ಬಂದರೂ ಒಲ್ಲೆನೆಂದ. ಮಡಿವಾಳ ಮಾಚಯ್ಯ ನಡುವೆ ಬಂದು ತಿಳಿಹೇಳಿದ ಮೇಲೆ ಒಪ್ಪಿದ, ಅದೂ ಲಿಂಗವನ್ನು ಹಗ್ಗ ಮಾರುವ ಕೆಲಸಕ್ಕೆ ಹಚ್ಚಿ! ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಹೊನ್ನು ಬಂದಾಗ ಅದನ್ನೂ ಮುಟ್ಟಲಿಲ್ಲ.

ಇಲ್ಲಿ ಹುಲ್ಲನ್ನು ಹುಲ್ಲಾಗಿ ಬಿಡದಿದ್ದರೆ ಕಥೆಗೆ ಬೆನ್ನೆಲುಬೇ ಇರುವುದಿಲ್ಲ. ದುಡಿಯದ ಲಿಂಗವನ್ನೂ ಒಪ್ಪದ ನಿಷ್ಠೆ ಅದು. ಗುರುವಾದರೂ ಕಾಯಕದಿಂದಲೇ ಮುಕ್ತಿ ಎಂದು ಅವನೇ ತನ್ನ ವಚನದಲ್ಲಿ ಹೇಳಿದ್ದಾನೆ. ಕಾಯಕವನ್ನು ಧ್ಯಾನದ ಒಂದು ಮೆಟ್ಟಿಲು ಮಾಡಿ, ದಾಸೋಹವನ್ನು ಮನಸ್ಸಿನಲ್ಲೇ ನಡೆಸಿಬಿಟ್ಟರೆ ಬೆವರೂ ಬೇಡ, ಗಂಟೂ ಕರಗುವುದಿಲ್ಲ. ಇಂಥ ಓದಿನ ಮೇಲೆ ನನಗೆ ಸಿಟ್ಟೇ ಇದೆ.

ಕಲಬುರಗಿಯಲ್ಲಿ ಕೂತು ಬರೆಯುವವನು ಸೂಫಿಗಳನ್ನು ನೆನೆಯದೆ ಇರಲಾಗದು. ಖಾಜಾ ಬಂದೇನವಾಜರು ಇಲ್ಲಿ ಕಣ್ಣು ಮುಚ್ಚಿದ್ದು 1422ರಲ್ಲಿ. ಅವರಿಗಿಂತ ಮೂರು ಶತಮಾನ ಮೊದಲು, 1111ರಲ್ಲಿ ತೀರಿಕೊಂಡ ಇಸ್ಲಾಮೀ ಚಿಂತಕ ಇಮಾಮ್ ಗಜ್ಜಾಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಕುರ್‌ಆನಿನಲ್ಲಿ, ತುವಾ ಕಣಿವೆಯಲ್ಲಿ ‘ಪಾದರಕ್ಷೆ ಕಳಚು’ ಎಂದು ಮೂಸಾ ಪ್ರವಾದಿಗೆ ದೇವರ ಅಪ್ಪಣೆಯಾಗುತ್ತದೆ. ಎರಡು ಕೆರಗಳೆಂದರೆ ಇಹ ಮತ್ತು ಪರ, ಎರಡರ ಆಸೆಯನ್ನೂ ಬಿಡುವುದು ಎಂಬ ಒಳ ಅರ್ಥವನ್ನು ಗಜ್ಜಾಲಿ ಒಪ್ಪುತ್ತಾರೆ. ಹಾಗೆಂದು ಕೆರವನ್ನು ಅಳಿಸಿಹಾಕುವುದಿಲ್ಲ. ಮೂಸಾ ಕಾಲಿನಿಂದ ಕೆರವನ್ನೂ ಕಳಚಿದರು, ಮನಸ್ಸಿನಿಂದ ಎರಡು ಲೋಕಗಳನ್ನೂ ಕಳಚಿದರು; ಎರಡನ್ನೂ ಹಿಡಿದವನೇ ಪೂರ್ಣ ಎನ್ನುತ್ತಾರೆ. ನಾನು ಒಪ್ಪುವುದು ಈ ಮಾತನ್ನೇ.

ಆದ್ದರಿಂದ ನಿಮ್ಮ ಮನಸ್ಸು ತಕರಾರು ಎತ್ತಿದ್ದು ಸರಿಯಾಗಿಯೇ ಇದೆ. ಮುಂದಿನ ಸಲ ಪ್ರವಚನ ಮುಗಿದ ಮೇಲೆ ಆ ಹಿರಿಯರಿಗೆ ಕೈಮುಗಿದು ಕೇಳಿ: ಹಗ್ಗ ಪ್ರಾಣವೇ ಆದರೆ, ಚಂದಯ್ಯ ಬೇಡವೆಂದ ಆ ಹೆಚ್ಚಿನ ಹೊನ್ನು ಯಾವುದು? ಅವರು ಏನು ಹೇಳಿದರೆಂದು ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ